ತೆಂಗಿನ ನಾರಿನ ಘಟಕ: ಯಂತ್ರಕ್ಕೆ ಮುಂಗಡ ಕೊಡುವ ಮೊದಲು

ಕೇಳಿದವರು, ತಿಪಟೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ತೆಂಗಿನ ತೋಟ. ಕೊಬ್ಬರಿಗೆಂದು ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ತಂದೆಯವರು ಇಷ್ಟು ವರ್ಷ ಲೋಡಿನ ಲೆಕ್ಕದಲ್ಲಿ ಮಾರುತ್ತಿದ್ದರು. ಸುತ್ತಲಿನ ಹಳ್ಳಿಗಳ ಮಟ್ಟೆಯನ್ನೂ ಕೊಂಡು, ನಾರು ತೆಗೆಯುವ ಸಣ್ಣ ಘಟಕವನ್ನು ಹಾಕಬೇಕೆಂದಿದ್ದೇನೆ. ಅಂದಾಜು ವೆಚ್ಚ 20 ಲಕ್ಷ ರೂಪಾಯಿ. ಶೇ 40ರಷ್ಟು ಸಹಾಯಧನ ಸಿಗುತ್ತದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಯಂತ್ರದವರು ಈ ವಾರವೇ ಮುಂಗಡ ಕೇಳುತ್ತಿದ್ದಾರೆ. ಮೊದಲು ಯಾವ ನೋಂದಣಿ ಮಾಡಿಸಬೇಕು, ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ತುರುವೇಕೆರೆ ಕಡೆಯ ಘಟಕದ ಮಾಲೀಕರು

ದಯವಿಟ್ಟು ಮುಂಗಡ ಕೊಡಬೇಡಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಎಲ್ಲರೂ ಪಿಎಂಇಜಿಪಿ ಎನ್ನುವ ಸಾಲ-ಸಹಾಯಧನದ ಯೋಜನೆಯಲ್ಲಿ, ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ. ನನ್ನ ಷಡ್ಡಕರು ಒಡವೆ ಅಡವಿಟ್ಟು ಯಂತ್ರವನ್ನು ತಂದು ನಿಲ್ಲಿಸಿ, ಆಮೇಲೆ ಅರ್ಜಿ ಹಾಕಿದರು. ಸ್ಥಳ ನೋಡಲು ಬಂದ ಬ್ಯಾಂಕಿನವರು ಘಟಕ ಆಗಲೇ ನಡೆಯುತ್ತಿದೆ ಎಂದು ಬರೆದುಕೊಂಡು ಹೋದರು, ಅಲ್ಲಿಗೆ ಅರ್ಜಿಯ ಕಥೆ ಮುಗಿಯಿತು.

ನೀವು ನೋಡಿದ ಶೇ 40 ಹಳೆಯ ಕಾಯರ್ (ಅಂದರೆ ತೆಂಗಿನ ನಾರು) ಉದ್ಯಮಿ ಯೋಜನೆಯದು. ಅದು 10 ಲಕ್ಷದವರೆಗಿನ ಘಟಕಗಳಿಗಿತ್ತು, ಬಳಿಕ ಪಿಎಂಇಜಿಪಿಯಲ್ಲಿ ಸೇರಿಹೋಯಿತು. ನಾನು ಅರ್ಜಿ ಹಾಕಿದಾಗ ತಯಾರಿಕಾ ಘಟಕದ ಮಿತಿ 25 ಲಕ್ಷವಿತ್ತು, 2022ರಲ್ಲಿ 50 ಲಕ್ಷವಾಯಿತು. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಮೊದಲಾದವರಿಗೆ ಶೇ 35ರಷ್ಟು ಸಹಾಯಧನವಿದೆ. ಸ್ವಂತ ಪಾಲು ಕ್ರಮವಾಗಿ ಶೇ 10 ಮತ್ತು ಶೇ 5. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸಿಕೊಳ್ಳುವುದಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ 20 ಲಕ್ಷದ ಘಟಕಕ್ಕೆ ಶೇ 35 ಮಂಜೂರಾಯಿತೆಂದುಕೊಳ್ಳಿ: ಒಂದು ಲಕ್ಷ ನೀವು ಹಾಕುತ್ತೀರಿ, 19 ಲಕ್ಷ ಬ್ಯಾಂಕು ಸಾಲ ಕೊಡುತ್ತದೆ, ಸರ್ಕಾರದ 7 ಲಕ್ಷ ನಿಮ್ಮ ಹೆಸರಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷದ ಬಳಿಕ, ಘಟಕ ನಡೆಯುತ್ತಿದೆಯೆಂದು ಪರಿಶೀಲಿಸಿದ ಮೇಲೆಯೇ ಅದು ಸಾಲಕ್ಕೆ ಜಮೆಯಾಗುವುದು. ಆದ್ದರಿಂದ ಮೊದಲ ವರ್ಷದ ಮಟ್ಟೆ ಖರೀದಿ, ಕೂಲಿ, ಕರೆಂಟು ಬಿಲ್ಲುಗಳಿಗೆ ಸಹಾಯಧನವನ್ನು ನಂಬಿ ಲೆಕ್ಕ ಹಾಕಬೇಡಿ.

ಅರ್ಜಿ ಆನ್‌ಲೈನಿನಲ್ಲಿಯೇ ಹೋಗಬೇಕು. ಅನುಷ್ಠಾನ ಸಂಸ್ಥೆಯಾಗಿ, ಅಂದರೆ ಅರ್ಜಿ ನೋಡಿ ಬ್ಯಾಂಕಿಗೆ ಕಳಿಸುವ ಕಚೇರಿಯಾಗಿ, ಜಿಲ್ಲಾ ಕೈಗಾರಿಕಾ ಕೇಂದ್ರವನ್ನಾಗಲಿ ಕೇಂದ್ರ ಸರ್ಕಾರದ ಕಾಯರ್ ಬೋರ್ಡನ್ನಾಗಲಿ ಆಯ್ದುಕೊಳ್ಳಬಹುದು. ನಿಮ್ಮ ಗಾತ್ರದ ಘಟಕಕ್ಕೆ ಎಂಟನೇ ತರಗತಿ ಪಾಸಾಗಿರಬೇಕು, ಉದ್ಯಮಶೀಲತಾ ತರಬೇತಿಯನ್ನೂ ಮುಗಿಸಬೇಕು.

ಅರಸೀಕೆರೆಯಿಂದ, ಹಗ್ಗ ಹೊಸೆಯುವ ಸಂಘದ ಸದಸ್ಯೆ

ಅಣ್ಣ ಹೇಳಿದ್ದರ ಜೊತೆಗೆ, ಸಣ್ಣ ಉದ್ಯಮಗಳು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಯ ಬಗ್ಗೆ ಒಂದು ಮಾತು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಒಂದು ಪೈಸೆ ಶುಲ್ಕವಿಲ್ಲ. ಸರ್ಕಾರದ್ದೇ ಎನ್ನುವಂತೆ ಕಾಣುವ ಒಂದು ಜಾಲತಾಣದಲ್ಲಿ ನಾವು 2,500 ರೂಪಾಯಿ ಕಟ್ಟಿ ಮೋಸ ಹೋದೆವು. ಈ ಉದ್ಯಮ್ ನೋಂದಣಿ ಕಾಯರ್ ಬೋರ್ಡಿನ ನೋಂದಣಿಗಿಂತ ಬೇರೆ. ಬೋರ್ಡು 1953ರ ಕಾಯರ್ ಉದ್ಯಮ ಕಾಯ್ದೆಯಿಂದ ಬಂದದ್ದು, ಅದರ ಕೇಂದ್ರ ಕಚೇರಿ ಕೊಚ್ಚಿಯಲ್ಲಿದೆ. ಒಂದನ್ನು ಮಾಡಿಸಿದರೆ ಇನ್ನೊಂದು ತಾನಾಗಿ ಆಗುತ್ತದೆಂದು ನಾವು ಆರು ತಿಂಗಳು ಸುಮ್ಮನೆ ಕುಳಿತಿದ್ದೆವು.

ನಿಮ್ಮಲ್ಲಿ ನಾರು ಕೊಂಡು ಹೊಸೆಯುವವರಿಗೂ ನೆರವಿದೆಯೆಂದು ತಿಳಿಸಿ. 2023ರ ಸೆಪ್ಟೆಂಬರಿನಲ್ಲಿ ಕುಶಲಕರ್ಮಿಗಳಿಗೆಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ನಾರು ನೇಯುವವರೂ ಸೇರಿದ್ದಾರೆ. ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷ ಸಾಲ ದೊರೆಯುತ್ತದೆ.

ಚಿಕ್ಕನಾಯಕನಹಳ್ಳಿಯ ಹಿರಿಯರೊಬ್ಬರು

ಕಾಗದದ ಮಾತು ಆಯಿತು, ಈಗ ನೀರಿನ ಮಾತು. ನಮ್ಮ ಕಡೆಯ ಕಾಯಿ ಸುಮಾರು ಒಂದು ವರ್ಷ ಅಟ್ಟದ ಮೇಲೆ ಒಣಗಿರುವುದರಿಂದ ಮಟ್ಟೆ ಕಟ್ಟಿಗೆಯಂತಿರುತ್ತದೆ, ನೆನೆಸದೆ ಯಂತ್ರಕ್ಕೆ ಕೊಟ್ಟರೆ ನಾರು ತುಂಡಾಗುತ್ತದೆ. ಹತ್ತು ಹನ್ನೆರಡು ಮಟ್ಟೆಗೆ ಒಂದು ಕಿಲೊ ನಾರು ಸಿಕ್ಕರೆ, ನಾರಿನಿಂದ ಉದುರುವ ಪುಡಿ ಅದರ ಇಮ್ಮಡಿ ಬೀಳುತ್ತದೆ. ಮೊದಲ ಮಳೆಗಾಲದಲ್ಲಿ ನಮ್ಮ ಪುಡಿಯ ಗುಡ್ಡೆಯಿಂದ ಇಳಿದ ನೀರು ಪಕ್ಕದವರ ಬಾವಿಗೆ ಸೇರಿ, ಅವರು ಒಂದು ಚೊಂಬು ನೀರನ್ನು ತಂದು ನಮ್ಮ ಜಗಲಿಯ ಮೇಲಿಟ್ಟು ಮಾತಾಡದೆ ಹೋದರು. ಬಣ್ಣ ಹಾಲಿಲ್ಲದ ಚಹಾದಂತಿತ್ತು. ಬೇಲಿಯಾಚೆ ಅವರ ಮುಖ ನೋಡಲು ನನಗೆ ವರ್ಷವೇ ಹಿಡಿಯಿತು. ಜಾಗ ಗೊತ್ತುಮಾಡುವ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಹೋಗಿ, ನೆನೆಸುವ ತೊಟ್ಟಿ ಎಲ್ಲಿ, ಪುಡಿ ಎಲ್ಲಿ ಎಂಬ ನಕ್ಷೆಯನ್ನು ತೋರಿಸಿ ಕೇಳಿರಿ. ತೋಟದ ಜಮೀನಾದರೆ ಭೂ ಪರಿವರ್ತನೆ ಬೇಕೇ ಎಂಬ ವಿಚಾರಣೆ, ಪಂಚಾಯಿತಿಯ ಪರವಾನಗಿ, ಉದ್ಯಮಕ್ಕೆಂದೇ ಪ್ರತ್ಯೇಕ ತ್ರೀ ಫೇಸ್ ಸಂಪರ್ಕ ಇವೆಲ್ಲಕ್ಕೂ ಸಮಯ ಹಿಡಿಯುತ್ತದೆ. ಪಂಪ್‌ಸೆಟ್ಟಿನ ಕರೆಂಟಿನಲ್ಲಿ ಯಂತ್ರ ಓಡಿಸುವ ಯೋಚನೆ ಬೇಡ.

ಪುಡಿಯನ್ನು ತೊಳೆದು ಉಪ್ಪಿನಂಶ ಇಳಿಸಿ, ಒಣಗಿಸಿ, ಇಟ್ಟಿಗೆ ಮಾಡಿ ಹೊರದೇಶಕ್ಕೆ ಕಳಿಸುವ ಆಸೆಯಿದ್ದರೆ ಆಮದು-ರಫ್ತು ಸಂಕೇತವನ್ನೂ ಕಾಯರ್ ಬೋರ್ಡಿನಿಂದ ರಫ್ತುದಾರರ ನೋಂದಣಿ ಪ್ರಮಾಣಪತ್ರವನ್ನೂ ಪಡೆಯಬೇಕು. ಅದು ಎರಡನೆಯ ವರ್ಷದ ಕೆಲಸ. ವಿಮೆ ಮಾತ್ರ ಮೊದಲ ದಿನದಿಂದಲೇ ಇರಲಿ. ಒಣ ನಾರಿಗೆ ಒಂದು ಬೀಡಿಯ ಕಿಡಿ ಸಾಕು.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮುಂಗಡ ಕೊಟ್ಟಿಲ್ಲ, ಯೋಜನಾ ವರದಿಗೆ ಬೇಕಾದ ದರಪಟ್ಟಿಯನ್ನಷ್ಟೇ ಕಳಿಸಿರೆಂದು ಯಂತ್ರದವರಿಗೆ ತಿಳಿಸಿದ್ದೇನೆ. ಪುಡಿ ಹಾಕಲು ಗುರುತಿಸಿದ್ದ ಜಾಗ ನಮ್ಮದೇ ಕೊಳವೆಬಾವಿಯಿಂದ ಮೂವತ್ತು ಅಡಿ ದೂರದಲ್ಲಿತ್ತು. ಇಂದು ಬೆಳಿಗ್ಗೆ ತಂದೆಯವರೊಂದಿಗೆ ಹೋಗಿ ತೋಟದ ಕೆಳತುದಿಯಲ್ಲಿ ಬೇರೆ ಜಾಗಕ್ಕೆ ಗೂಟ ನೆಟ್ಟು ಬಂದೆ.