ಸಮಸ್ಯಾಪೂರಣ: ಒಡೆಯದುದನೊಡೆದುದೈ ಒಡೆಯಲಾಗದುದು

ಪೃಚ್ಛಕ (ಸಮಸ್ಯೆ ಒಡ್ಡುವವ): ಈ ಸಲದ ಸಮಸ್ಯೆ ಪಂಚಮಾತ್ರಾ ಚೌಪದಿಯ, ಎಂದರೆ ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲಿನ ಪದ್ಯದ, ಕಡೆಯ ಸಾಲು; ಮೊದಲ ಮೂರನ್ನು ಕವಿ ಕಟ್ಟಿ ಪೂರಣ ಮಾಡಬೇಕು. 2ರ 32ನೆಯ ಘಾತಕ್ಕೆ ಒಂದನ್ನು ಕೂಡಿದಾಗ ಬರುವ 4,29,49,67,297 ಎಂಬ ಸಂಖ್ಯೆಯನ್ನು ಕುರಿತೇ ಪೂರಣವಿರಬೇಕು. ಆದಿಪ್ರಾಸ ಕಡ್ಡಾಯ.

*ಒಡೆಯದುದನೊಡೆದುದೈ ಒಡೆಯಲಾಗದುದು*

ಪೂರಣ 1:

ನುಡಿಯೆ ಫೆರ್ಮಂ ಸಂಖ್ಯೆಯವಿಭಾಜ್ಯಮೆಂದು ತಾಂ
ತಡೆದು ತೊಂಬತ್ತೆರಡು ವರುಷದಾ ಬಳಿಕ
ಪಿಡಿಯಲಾಯ್ಲರ್ ಶಶಿಯ ವೇದಮಂ ಋತುಗಳಂ
ಒಡೆಯದುದನೊಡೆದುದೈ ಒಡೆಯಲಾಗದುದು

2ರ 1, 2, 4, 8, 16ನೆಯ ಘಾತಗಳಿಗೆ ಒಂದೊಂದು ಕೂಡಿದಾಗ ಬರುವ 3, 5, 17, 257, 65,537 ಎಂಬ ಐದೂ ಅವಿಭಾಜ್ಯಗಳಾಗಿದ್ದುದರಿಂದ ಇದೇ ಸರಣಿಯ ಮುಂದಿನದೂ ಹಾಗೆಯೇ ಇದ್ದೀತೆಂದು ಗಣಿತಜ್ಞ ಫೆರ್ಮಾ 1640ರಲ್ಲಿ ಊಹಿಸಿದ; 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 × 67,00,417 ಎಂದು ಒಡೆದು ತೋರಿಸಿದ.

ಪೃಚ್ಛಕ: ಭೂತಸಂಖ್ಯೆಯ, ಎಂದರೆ ಅಂಕಗಳನ್ನು ಪದಗಳಿಂದ ಸೂಚಿಸುವ ಪದ್ಧತಿಯ, ಬಳಕೆ ಬಹಳ ಹಿಡಿಸಿತು. ಶಶಿ ಒಂದು, ವೇದ ನಾಲ್ಕು, ಋತು ಆರು. ಅಂಕಗಳಿಗೆ ಎಡಮುಖದ ನಡೆಯಾದ್ದರಿಂದ 641. ಅದು ತಾನೂ ಅವಿಭಾಜ್ಯವಾದ್ದರಿಂದ ‘ಒಡೆಯಲಾಗದುದು’ ಎಂಬ ಕರ್ತೃಪದ ಸಾರ್ಥಕವಾಗಿದೆ. ಆದರೆ ಭಾಗಿಸಿ ನೋಡದೆಯೇ 641ನ್ನು ನಂಬುವುದಕ್ಕೆ ಒಂದು ದಾರಿಯಿದೆ, ನನಗೆ ಅದು ಪದ್ಯಕ್ಕಿಂತಲೂ ರುಚಿ. 641 ಎಂಬುದು 5 × 128ಕ್ಕೆ ಒಂದು ಕೂಡಿದ್ದು. ಅದೇ 625 ಮತ್ತು 16ರ ಮೊತ್ತವೂ ಹೌದು. ಮೊದಲನೆಯದರಿಂದ, 5 ಮತ್ತು 2ರ 7ನೆಯ ಘಾತದ ಗುಣಲಬ್ಧವನ್ನು 641ರಿಂದ ಭಾಗಿಸಿದರೆ ಶೇಷ −1 (ಪೂರ್ತಿ ಭಾಗವಾಗಲು ಒಂದು ಕಡಿಮೆ) ಎಂದಾಗುತ್ತದೆ; ಅದನ್ನು ನಾಲ್ಕನೆಯ ಘಾತಕ್ಕೇರಿಸಿದರೆ, 5ರ 4ನೆಯ ಘಾತ ಮತ್ತು 2ರ 28ನೆಯ ಘಾತದ ಗುಣಲಬ್ಧಕ್ಕೆ ಶೇಷ 1. ಎರಡನೆಯದರ ಬಲದಿಂದ 625ರ ಜಾಗದಲ್ಲಿ −16ನ್ನು ಕೂರಿಸಬಹುದು, 16 ಎಂದರೆ 2ರ 4ನೆಯ ಘಾತ. ಆಗ 2ರ 32ನೆಯ ಘಾತಕ್ಕೆ ಶೇಷ −1. ಅದಕ್ಕೊಂದು ಕೂಡಿದರೆ ಸೊನ್ನೆ.

ಪೂರಣ 2:

ಪಡೆಯ ನಾಲ್ವರ್ ವೀರರಡಿಯಿಟ್ಟು ಸೋಲ್ತಿರಲು
ಗಡಿಯ ಮುರಿದೈದನೆಯ ಬಂಟನೈತಂದು
ಬಿಡದೊಂದನರುವತ್ತನಾಲ್ಕುಪತ್ತರೊಳಿಡಲು
ಒಡೆಯದುದನೊಡೆದುದೈ ಒಡೆಯಲಾಗದುದು

ಈ ಸಂಖ್ಯೆಯ ಅವಿಭಾಜ್ಯ ಅಪವರ್ತನ ಯಾವುದೇ ಆಗಲಿ, 64ರ ಯಾವುದಾದರೊಂದು ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಅಂಥ ಅವಿಭಾಜ್ಯಗಳ ಸಾಲಿನಲ್ಲಿ 193, 257, 449, 577 ಸೋತವು, ಐದನೆಯದು 641.

ಪೃಚ್ಛಕ: ಕಲ್ಪನೆ ಚೆನ್ನಾಗಿದೆ, ಪಡೆಯ ರೂಪಕ ಗಣಿತಕ್ಕೆ ಸರಿಯಾಗಿ ಕೂತಿದೆ. 257 ತಾನೇ ಫೆರ್ಮಾ ಸರಣಿಯದಾದ್ದರಿಂದ, ಆ ಸರಣಿಯ ಯಾವ ಎರಡಕ್ಕೂ ಒಂದನ್ನುಳಿದು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಕಾರಣ, ಅದನ್ನು ಕಣಕ್ಕಿಳಿಸುವ ಅಗತ್ಯವೇ ಇರಲಿಲ್ಲವೆಂದು ತಕರಾರು ತೆಗೆಯಬಹುದು, ತೆಗೆಯುವುದಿಲ್ಲ. ಮೂರನೆಯ ಸಾಲಿನ ‘ಬಿಡದೆ’ ಮಾತ್ರ ಪ್ರಾಸಕ್ಕಾಗಿ ತುರುಕಿದ ಪಾದಪೂರಣವಾಗಿ ಕಾಣುತ್ತದೆ.

ಪೂರಣ 2ರ ಕವಿ: ಒಪ್ಪಿದೆ. ‘ಬಿಡಿಯೊಂದನರುವತ್ತನಾಲ್ಕುಪತ್ತರೊಳಿಡಲು’ ಎಂದು ಸವರಿಸಿದ್ದೇನೆ. ಮಾತ್ರೆ ಕೆಡುವುದಿಲ್ಲ, 640ರ ಬಿಡಿಸ್ಥಾನದಲ್ಲಿದ್ದ ಸೊನ್ನೆಯ ಜಾಗಕ್ಕೆ ಒಂದು ಬಂದು ಕೂರುತ್ತದೆ.