ಅಪ್‌ಡೇಟ್: ರಿಂಗ್ ಮುಚ್ಚಿದ ಕೂಡಲೇ ನೆಟ್‌ವರ್ಕ್ ಕುಸಿಯುತ್ತಿದ್ದ ಸಮಸ್ಯೆ ಬಗೆಹರಿಯಿತು

ಕಾರ್ಖಾನೆಯ ಸ್ವಿಚ್ ರಿಂಗ್‌ನಲ್ಲಿ (ನೆಟ್‌ವರ್ಕ್ ಸ್ವಿಚ್‌ಗಳನ್ನು ಉಂಗುರದಂತೆ ಜೋಡಿಸಿದ ಜಾಲ) ಇಆರ್‌ಪಿಎಸ್ (ರಿಂಗ್‌ನಲ್ಲಿ ಡೇಟಾ ಕೊನೆಯಿಲ್ಲದೆ ಸುತ್ತದಂತೆ ತಡೆಯುವ ಜಿ.8032 ಪ್ರೋಟೋಕಾಲ್) ಹಾಕಿದ್ದರೂ ಕೊನೆಯ ಫೈಬರ್ ಜೋಡಿಸಿದ ತಕ್ಷಣ ಎಲ್ಲವೂ ನಿಂತುಹೋಗುತ್ತಿದೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ. ಕಾರಣ ಸಿಕ್ಕಿದೆ.

ಆರ್‌ಪಿಎಲ್ ಓನರ್ (ರಿಂಗ್‌ನ ಒಂದು ಲಿಂಕನ್ನು ತಡೆದಿಡುವ ಸ್ವಿಚ್) ತನ್ನ ಪೋರ್ಟನ್ನು ಸರಿಯಾಗಿಯೇ ಬ್ಲಾಕ್ ಮಾಡಿತ್ತು. ಆದರೆ ಆ ತಡೆ ಅನ್ವಯಿಸುವುದು ಇಆರ್‌ಪಿಎಸ್ ಇನ್‌ಸ್ಟನ್ಸ್‌ಗೆ (ಅದು ಕಾಯುವ ಗುಂಪಿಗೆ) ಸೇರಿಸಿದ ವಿಎಲ್ಯಾನ್‌ಗಳಿಗೆ (ಒಂದೇ ಜಾಲದೊಳಗೆ ಬೇರ್ಪಡಿಸಿದ ವರ್ಚುವಲ್ ಜಾಲಗಳಿಗೆ) ಮಾತ್ರ. ಆಮೇಲೆ ಬಂದ ಕ್ಯಾಮೆರಾ ವಿಎಲ್ಯಾನ್ ಟ್ರಂಕ್‌ನಲ್ಲಿತ್ತು (ಹಲವು ವಿಎಲ್ಯಾನ್‌ಗಳನ್ನು ಒಯ್ಯುವ ಸ್ವಿಚ್-ಸ್ವಿಚ್ ಲಿಂಕ್), ಇನ್‌ಸ್ಟನ್ಸ್‌ನಲ್ಲಿ ಇರಲಿಲ್ಲ. ರಿಂಗ್ ಪೋರ್ಟ್‌ಗಳಲ್ಲಿ ಎಸ್‌ಟಿಪಿ (ಲೂಪ್ ತಡೆಯುವ ಸಾಮಾನ್ಯ ಪ್ರೋಟೋಕಾಲ್) ಆಫ್ ಆಗಿದ್ದರಿಂದ ಅದನ್ನು ತಡೆಯುವವರೇ ಇಲ್ಲ. ಈಥರ್ನೆಟ್ ಫ್ರೇಮ್‌ಗೆ ಐಪಿಯಲ್ಲಿರುವಂಥ ಟಿಟಿಎಲ್ (ಇಷ್ಟು ಹಂತ ದಾಟಿದರೆ ಸಾಕು ಎನ್ನುವ ಮಿತಿ) ಇಲ್ಲವಲ್ಲ, ಒಂದೇ ಒಂದು ಎಆರ್‌ಪಿ ಬ್ರಾಡ್‌ಕಾಸ್ಟ್ (ವಿಳಾಸ ಹುಡುಕಲು ಎಲ್ಲರಿಗೂ ಕಳಿಸುವ ಸಂದೇಶ) ಸಾಕು, ಸುತ್ತುತ್ತಲೇ ಇರುತ್ತದೆ. ಲಾಗ್‌ನಲ್ಲಿ ಒಂದೇ ಮ್ಯಾಕ್ ವಿಳಾಸ (ಸಾಧನದ ಹಾರ್ಡ್‌ವೇರ್ ವಿಳಾಸ) ಎರಡು ರಿಂಗ್ ಪೋರ್ಟ್‌ಗಳ ನಡುವೆ ಜಿಗಿದಾಡುತ್ತಿತ್ತು, ಪ್ರತಿ ಸಾಲಲ್ಲೂ ಕ್ಯಾಮೆರಾ ವಿಎಲ್ಯಾನ್ ನಂಬರೇ. "ಫ್ಲ್ಯಾಪಿಂಗ್ (ಈ ಜಿಗಿದಾಟ) ಯಾವ ವಿಎಲ್ಯಾನ್‌ನಲ್ಲಿ ಅಂತ ಮೊದಲು ನೋಡಿ" ಅಂದವರ ಸಲಹೆಯೇ ದಾರಿ ತೋರಿಸಿತು.

ರಿಂಗ್ ತೆರೆದಿಟ್ಟುಕೊಂಡು ಎಲ್ಲ ಸ್ವಿಚ್‌ಗಳಲ್ಲೂ ಆ ವಿಎಲ್ಯಾನನ್ನು ಇನ್‌ಸ್ಟನ್ಸ್‌ಗೆ ಸೇರಿಸಿ, ಆಮೇಲೆ ಫೈಬರ್ ಹಾಕಿದೆವು. ಸ್ಟಾರ್ಮ್ (ಸುತ್ತುವ ಬ್ರಾಡ್‌ಕಾಸ್ಟ್‌ಗಳ ಪ್ರವಾಹ) ಇಲ್ಲ. ಬೇರೆ ಕಡೆ ಕೇಬಲ್ ಕಿತ್ತು ನೋಡಿದಾಗಲೂ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಸಂಪರ್ಕ ಕಡಿಯಲಿಲ್ಲ. ಆರ್‌ಎಸ್‌ಟಿಪಿಗೆ (ಎಸ್‌ಟಿಪಿಯ ವೇಗದ ರೂಪ) ವಾಪಸ್ ಹೋಗಿ ಅಂದವರಿಗೆ: ಅದೂ ಲೂಪ್ ತಡೆಯುತ್ತದೆ ನಿಜ, ಆದರೆ ನಮಗೆ 50 ಮಿಲಿಸೆಕೆಂಡ್ ಒಳಗಿನ ಚೇತರಿಕೆ ಬೇಕೇ ಬೇಕು.

ಒಂದು ಪ್ರಶ್ನೆ ಉಳಿದಿದೆ. ಲಿಂಕ್ ಸರಿಹೋದ ಮೇಲೆ ಡಬ್ಲ್ಯುಟಿಆರ್ ಟೈಮರ್‌ನ (ಹಳೆಯ ದಾರಿಗೆ ಮರಳುವ ಮುನ್ನ ಕಾಯುವ ಅವಧಿ) 5 ನಿಮಿಷ ಮುಗಿದು, ಟ್ರಾಫಿಕ್ ಮತ್ತೆ ಹಳೆಯ ದಾರಿಗೆ ಹೊರಳುತ್ತದೆ. ಈ ಎರಡನೇ ಬದಲಾವಣೆ ತಪ್ಪಿಸಲು ನಾನ್-ರಿವರ್ಟಿವ್ ಮೋಡ್ (ತಾನಾಗಿ ಹಳೆಯ ದಾರಿಗೆ ಮರಳದ ವಿಧಾನ) ಬಳಸುತ್ತಿರುವವರು ಯಾರಾದರೂ ಇದ್ದೀರಾ?