ಹುತ್ತದ ಬಳಿ ಎದ್ದ ಬಿಳಿ ಅಣಬೆ: ಹೆಗ್ಗಾಲಣಬೆಯೇ ಅಲ್ಲವೇ?

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ)
ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಸೊಪ್ಪಿನಬೆಟ್ಟದಲ್ಲಿ, ಹುತ್ತದಿಂದ ತುಸು ದೂರದಲ್ಲಿ ಬಿಳಿ ಅಣಬೆಗಳು ಗುಂಪಾಗಿ ಎದ್ದಿವೆ. ಕೊಡೆಯ ನಡುವೆ ಸಣ್ಣ ಮೊನೆಯಿದೆ. ಕೆಲವನ್ನು ಹುಳು ತಿಂದಿದೆ. ನೆರೆಮನೆಯವರು ಇದು ಗೆದ್ದಲಿನ ಗೂಡಿನಿಂದ ಏಳುವ, ತಿನ್ನುವ ಹೆಗ್ಗಾಲಣಬೆಯೇ ಎನ್ನುತ್ತಾರೆ. ಅತ್ತೆಯವರು, ಬೇಯಿಸುವಾಗ ಹಾಕಿದ ಬೆಳ್ಳುಳ್ಳಿ ಕಪ್ಪಾಗದಿದ್ದರೆ ತಿನ್ನಬಹುದು ಎನ್ನುತ್ತಾರೆ. ಕತ್ತಿಯಿಂದ ಕೊಯ್ದು ತಂದಿರುವ ಅಣಬೆಗಳ ಚಿತ್ರ ಹಾಕಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ತೀರ್ಥಹಳ್ಳಿಯಿಂದ)
ಈ ಚಿತ್ರ ನೋಡಿ ತಿನ್ನಿ ಎಂದು ಯಾರೂ ಹೇಳಲಾಗದು, ಏಕೆಂದರೆ ಗುರುತಿಗೆ ಬೇಕಾದ ಮುಖ್ಯ ಭಾಗ ಮಣ್ಣಿನಲ್ಲೇ ಉಳಿದಿದೆ. ಉಳಿದ ಅಣಬೆಯೊಂದರ ಸುತ್ತ ಗುದ್ದಲಿಯಿಂದ ನಿಧಾನವಾಗಿ ಬಿಡಿಸಿ ನೋಡಿ. ಹೆಗ್ಗಾಲಣಬೆಯ ಕಾಂಡವು ನೆಲದೊಳಗೆ ಬೇರಿನಂತೆ ಸಪೂರವಾಗುತ್ತ, ಗೆದ್ದಲು ಬೆಳೆಸಿದ ಶಿಲೀಂಧ್ರದ ಗೂಡಿನವರೆಗೆ ಇಳಿದಿರುತ್ತದೆ. ಅದರ ಬದಲು ಬುಡವು ಉಬ್ಬಿ, ಸುತ್ತ ಹರಿದ ಚೀಲದಂಥ ಬಿಳಿ ಪೊರೆ ಕಂಡರೆ ಅದು ಅಮಾನಿಟಾ ಜಾತಿಯದಿರಬಹುದು. ಜೀವ ತೆಗೆಯುವ ಅಣಬೆಗಳು ಇದೇ ಗುಂಪಿನಲ್ಲಿವೆ.

ಬಳಿಕ ಕೊಡೆಯೊಂದನ್ನು ಕಾಂಡದಿಂದ ಬೇರ್ಪಡಿಸಿ, ಅರ್ಧ ಕಪ್ಪು, ಅರ್ಧ ಬಿಳಿ ಕಾಗದದ ಮೇಲೆ ಬೋರಲಾಗಿಟ್ಟು, ರಾತ್ರಿಯಿಡೀ ಬಟ್ಟಲು ಮುಚ್ಚಿಡಿ. ಬೆಳಿಗ್ಗೆ ಉದುರಿದ ಬೀಜಾಣುಗಳ ಪುಡಿ ಹೆಗ್ಗಾಲಣಬೆಯಲ್ಲಿ ನಸುಗೆಂಪಾಗಿರುತ್ತದೆ, ಅಮಾನಿಟಾದಲ್ಲಿ ಬೆಳ್ಳಗಿರುತ್ತದೆ. ಪುಡಿ ಹಸಿರಾಗಿದ್ದರೆ, ಹುಲ್ಲುಗಾವಲಿನಲ್ಲಿ ಏಳುವ, ಕೆಲವೇ ಗಂಟೆಗಳಲ್ಲಿ ವಾಂತಿಭೇದಿ ಹಿಡಿಸುವ ಅಣಬೆಯದು. ಆದರೆ ನಸುಗೆಂಪು ಪುಡಿಯ ವಿಷದ ಅಣಬೆಗಳೂ ಇವೆ. ಆದ್ದರಿಂದ ಬೇರಿನಂಥ ಕಾಂಡ, ಮೊನೆ, ಪುಡಿಯ ಬಣ್ಣ ಮೂರೂ ಕೂಡಿಬರಬೇಕು, ಅಷ್ಟಾದ ಮೇಲೂ ಈ ಅಣಬೆಯನ್ನು ವರ್ಷಗಟ್ಟಲೆ ಕಿತ್ತು ತಿಂದವರೊಬ್ಬರು ಅದನ್ನು ಕೈಯಲ್ಲಿ ಹಿಡಿದು ನೋಡಬೇಕು.

ಉತ್ತರ 2 (ಶಿವಮೊಗ್ಗದಿಂದ)
ಹಿರಿಯರ ಮಾತನ್ನು ಅಲ್ಲಗಳೆಯಲು ಸಂಕೋಚವಾದರೂ, ಬೆಳ್ಳುಳ್ಳಿಯ ಪರೀಕ್ಷೆಗೆ ಆಧಾರವಿಲ್ಲ. ವಿಷವಿದ್ದರೆ ಬೆಳ್ಳಿ ಚಮಚ ಕಪ್ಪಾಗುತ್ತದೆ ಎಂಬುದೂ ಅದೇ ಕಥೆ. ನಮಗೆ ವಿಷವಾದುದನ್ನು ಹುಳು, ಬಸವನಹುಳು ಆರಾಮವಾಗಿ ತಿನ್ನುತ್ತವೆ. ಅಮಾನಿಟಾದ ವಿಷ ಬೇಯಿಸಿದರೂ ಒಣಗಿಸಿದರೂ ಹೋಗುವುದಿಲ್ಲ. ಅದರ ಲಕ್ಷಣಗಳು ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ ಶುರುವಾಗುತ್ತವೆ. ನಡುವೆ ವಾಂತಿಭೇದಿ ನಿಂತು ಗುಣವಾದಂತೆ ಕಂಡರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಹಾಗಾಗಿ ಯಾರಿಗಾದರೂ ತೊಂದರೆಯಾದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ, ತಿಂದ ಹೊತ್ತನ್ನು ವೈದ್ಯರಿಗೆ ತಿಳಿಸಿ.

ಪ್ರಶ್ನೆ ಕೇಳಿದವರು
ಉಪಕಾರವಾಯಿತು. ತಂದದ್ದನ್ನು ಅಡುಗೆಗೆ ಬಳಸುವುದಿಲ್ಲ. ನಾಳೆ ಬುಡ ಬಿಡಿಸಿ ನೋಡುತ್ತೇನೆ. ಅಡಿಕೆ ತೋಟದಲ್ಲೂ ಇಂಥವೇ ಎದ್ದಿವೆ. ಅವೂ ಒಂದೇ ಜಾತಿಯವಾಗಿದ್ದರೆ ಕೀಳಬಹುದೇ?

ಉತ್ತರ 3 (ಸಾಗರದಿಂದ)
ಜಾತಿ ಯಾವುದೇ ಇರಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಹೊಡೆದ ತೋಟದಲ್ಲಿ ಕೀಳಬೇಡಿ. ಅಡಿಕೆ ಗೊನೆಯಿಂದ ತೊಟ್ಟಿಕ್ಕುವ ಮೈಲುತುತ್ತ ನೇರವಾಗಿ ಕೊಡೆಯ ಮೇಲೇ ಬೀಳುತ್ತದೆ, ಮೇಲಾಗಿ ಅಣಬೆಗಳು ಮಣ್ಣಿನ ಲೋಹಗಳನ್ನೂ ಹೀರಿಕೊಳ್ಳುತ್ತವೆ. ಬೆಟ್ಟದವು ಹೆಗ್ಗಾಲಣಬೆಯೆಂದೇ ಖಚಿತವಾದರೂ ಅರಳಿ ಕೊಳೆತವನ್ನು ಬಿಟ್ಟು, ಎಳೆಯವನ್ನು ಅಂದೇ ಚೆನ್ನಾಗಿ ಬೇಯಿಸಿ, ತೊಂದರೆಯಾದರೆ ವೈದ್ಯರಿಗೆ ತೋರಿಸಲು ಒಂದೆರಡನ್ನು ಹಸಿಯಾಗಿಯೇ ತೆಗೆದಿಡಿ.